ವೇದನೆಯೂ ತಿತಿಕ್ಷೆಯೂ

ದೇಹವು ದೇವಾಲಯವೆಂಬ ಮಾತನ್ನು ಕೇಳದ ಆಸ್ತಿಕರಿಲ್ಲ. ಆದರೆ ಕಲ್ಲಿನ ದೇವಾಲಯಕ್ಕೂ ಎಲುಬು ಮಾಂಸಗಳ ದೇವಾಲಯಕ್ಕೂ ಒಂದು ಮುಖ್ಯವಾದ ಭೇದವುಂಟು. ಕಲ್ಲಿನ ದೇವಾಲಯದ ಜೀರ್ಣೋದ್ಧಾರವು ಮುಗಿದುದು ಊರಿಗೆಲ್ಲ ಕಾಣುತ್ತದೆ. ಮಾಡಿಗೆ ಹೊದಿಸಿದ ತಾಮ್ರದ ತಗಡು ಹೊಳೆಯುತ್ತದೆ. ಸುತ್ತುಪೌಳಿಯ ಗೋಡೆ ನೆಟ್ಟಗೆ ನಿಲ್ಲುತ್ತದೆ. ಬ್ರಹ್ಮಕಲಶಕ್ಕೆ ದಿನ ನಿಶ್ಚಯವಾಗುತ್ತದೆ. ದೇಹದ ದುರಸ್ತಿಯು ಮುಗಿಯಿತೇ ಇಲ್ಲವೇ ಎಂಬುದಾದರೋ ಅದರೊಳಗೆ ವಾಸಿಸುವವನಿಗೆ ಮಾತ್ರ ತಿಳಿದ ಸಂಗತಿ. ಹೊರಗಿನ ಗೋಡೆ ಸರಿಯಾದ ಬಳಿಕವೂ ಒಳಗೆ ಬೆಂಕಿ ಉರಿಯುತ್ತಿರಬಹುದು. ಅಂಥ ಬೆಂಕಿಯನ್ನು ಹೊತ್ತವನು ಹೇಗೆ ಬಾಳಬೇಕು, ಅವನ ನೆರೆಯವರು ಅವನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಅದು ಧರ್ಮಪ್ರಶ್ನೆಯೂ ಆಗಿದೆ.

ಚಂದ್ರಗಿರಿ ಹೊಳೆಯ ಬಡಗುದಿಕ್ಕಿನ ಒಂದು ಗ್ರಾಮದಲ್ಲಿ ನಡೆದ ವೃತ್ತಾಂತವು ಈ ಪ್ರಶ್ನೆಗೆ ನಿದರ್ಶನವಾಗಬಲ್ಲುದು. ಅಲ್ಲಿಯ ದೇವಾಲಯದ ಜೀರ್ಣೋದ್ಧಾರಕ್ಕಾಗಿ ಊರ ಹತ್ತು ಸಮಸ್ತರು ಆದಿತ್ಯವಾರಗಳಂದು ಶ್ರಮದಾನಕ್ಕೆ ನೆರೆಯುತ್ತಿದ್ದರು. ಅಡಿಕೆ ತೋಟದ ದುಡಿಮೆಯಿಂದ ಮೈ ಹುರಿಗೊಂಡಿದ್ದ, ಅರುವತ್ತರ ಸಮೀಪದ ಕೃಷಿಕರೊಬ್ಬರು ಒಂದು ವಾರವನ್ನೂ ತಪ್ಪಿಸಿದವರಲ್ಲ. ಒಂದು ದಿನ ಲಾರಿಯಿಂದ ಮುರಕಲ್ಲುಗಳನ್ನು ಇಳಿಸುತ್ತಿದ್ದಾಗ ಕಲ್ಲೊಂದು ಕೈಜಾರಿ ಅವರ ಬಲಪಾದದ ಮೇಲೆ ಬಿದ್ದಿತು. ಪಾದದ ಎಲುಬುಗಳು ಮುರಿದುವು. ಪೇಟೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಲೋಹದ ಸಣ್ಣ ಪಟ್ಟಿಯನ್ನೂ ತಿರುಪುಗಳನ್ನೂ ಇಟ್ಟು ಎಲುಬುಗಳನ್ನು ಕೂಡಿಸಿದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಹೊಲಿಗೆಯ ಗುರುತು ಬಿಳಿಚಿಕೊಂಡು ಒಂದು ಗೆರೆಯಾಯಿತು. ಎಕ್ಸ್‌ರೇ ಚಿತ್ರದಲ್ಲಿ ಎಲುಬುಗಳು ಚೆನ್ನಾಗಿ ಕೂಡಿಕೊಂಡಿದ್ದುವು.

ನೋವು ಮಾತ್ರ ಹೋಗಲಿಲ್ಲ. ಅದು ಮುರಿದ ಎಲುಬಿನ ನೋವಾಗಿರದೆ ಬೇರೆಯೇ ಜಾತಿಯದಾಗಿದ್ದಿತು. ಪಾದದ ಮೇಲಿನಿಂದ ಹೆಬ್ಬೆರಳಿನ ತನಕ ಕಾದ ಕಂಬಿಯನ್ನು ಎಳೆದಂತೆ ಉರಿಯುತ್ತಿದ್ದಿತು. ಒಮ್ಮೊಮ್ಮೆ ವಿದ್ಯುತ್ತು ತಾಗಿದಂತೆ ಝುಮ್ಮೆಂದು ಕಾಲೇ ಹಾರುತ್ತಿದ್ದಿತು. ಬೆರಳುಗಳ ನಡುವೆ ಜೋಮು ಹಿಡಿದು ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಅದಕ್ಕೆ ಒಂದಂಗುಲ ಮೇಲೆ ರಾತ್ರಿ ಹೊದಿಕೆಯ ಅಂಚು ಸೋಕಿದರೂ ಸಹಿಸಲಸಾಧ್ಯವಾಗುತ್ತಿದ್ದಿತು. ಹಗಲು ಕೆಲಸದ ಗದ್ದಲದಲ್ಲಿ ಹೇಗೋ ಕಳೆಯುವುದು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೋವು ಎಚ್ಚರವಾಗುವುದು.

ಮೊದಮೊದಲು ಮರುಕಪಟ್ಟವರೇ ಕ್ರಮೇಣ ಬೇರೆ ಧಾಟಿಯಲ್ಲಿ ಮಾತನಾಡತೊಡಗಿದರು. “ಗಾಯ ಒಣಗಿ ತಿಂಗಳು ಮೂರಾಯಿತಲ್ಲ ಭಾವ, ಇನ್ನೆಂಥ ನೋವು?” ಎಂದು ಕೇಳಿದವರುಂಟು. “ಎಲುಬು ಸರಿಯಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರೊಬ್ಬರು ಕಳುಹಿಸಿಕೊಟ್ಟರು. ಎಲ್ಲಕ್ಕಿಂತ ಆಳಕ್ಕೆ ಇಳಿದುದು ಇನ್ನೊಂದು ಮಾತು. “ದೇವರ ಕೆಲಸ ಮಾಡುವಾಗಲೇ ಕಲ್ಲು ಬಿದ್ದಿತೆಂದರೆ ಏನೋ ದೋಷ ಇರಲೇಬೇಕು, ಪ್ರಶ್ನೆ ಇಡಿಸಿ ನೋಡಿ” ಎಂದು ಹಿತೈಷಿಗಳೇ ಹೇಳಿದರು. ಅಂದಿನಿಂದ ಆ ಕೃಷಿಕರು ನೋವಿನ ಮಾತನ್ನೇ ಬಿಟ್ಟರು. ಕೇಳಿದವರಿಗೆ “ಅಡ್ಡಿಯಿಲ್ಲ” ಎನ್ನುವರು. ಬಿಸಿಲಿಗೆ ಕಾದ ಅಂಗಣದ ಕಲ್ಲನ್ನು ಮೆಟ್ಟಲಾರದೆ ಸಂಜೆಯ ಪ್ರದಕ್ಷಿಣೆಯನ್ನು ಬಿಟ್ಟರು. ಬಳಿಕ ದೇವಾಲಯಕ್ಕೆ ಬರುವುದನ್ನೇ ಬಿಟ್ಟರು. ಮನೆಯ ಚಾವಡಿಯಲ್ಲಿ ಕಾಲು ನೀಡಿ ಕುಳಿತು ದೂರದಿಂದ ದೀಪಾರಾಧನೆಯ ಘಂಟೆಯನ್ನು ಆಲಿಸುವುದಷ್ಟೇ ಅವರಿಗೆ ಉಳಿಯಿತು.

ಈ ವೃತ್ತಾಂತದಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಕಾಣದ ನೋವು ನಿಜವಾದುದೇ? ಅದು ನೊಂದವನ ಪಾಪದ ಫಲವೆಂದು ನೆರೆಯವರು ನಿರ್ಣಯಿಸಬಹುದೇ? ನೋವನ್ನು ಬಾಯಿಬಿಡದೆ ನುಂಗಿಕೊಳ್ಳುವುದೇ ತಿತಿಕ್ಷೆಯೇ? ಈ ಮೂರಕ್ಕೂ ಬೆಳಕು ಚೆಲ್ಲುವ ಒಂದು ಕಥೆಯು ಮಹಾಭಾರತದ ಆದಿಪರ್ವದಲ್ಲಿದೆ. ಅದು ಮಾಂಡವ್ಯ ಮಹರ್ಷಿಯ ಕಥೆ.

ಮಾಂಡವ್ಯನು ತನ್ನ ಆಶ್ರಮದ ಬಾಗಿಲಲ್ಲಿ, ಮರದ ಬುಡದಲ್ಲಿ, ಕೈಗಳನ್ನು ಮೇಲೆತ್ತಿ ಮೌನವ್ರತದಲ್ಲಿ ತಪಸ್ಸು ಮಾಡುತ್ತಿದ್ದನು. ರಾಜಭಟರು ಬೆನ್ನಟ್ಟಿದ ಕಳ್ಳರು ಕದ್ದ ಮಾಲನ್ನು ಅದೇ ಆಶ್ರಮದಲ್ಲಿ ಅಡಗಿಸಿ ತಾವೂ ಅವಿತುಕೊಂಡರು. ಭಟರು ಬಂದು ಕೇಳಿದರೂ ಮುನಿಯು ಮಾತನಾಡಲಿಲ್ಲ. ಕಳ್ಳರೂ ಮಾಲೂ ಅಲ್ಲಿಯೇ ಸಿಕ್ಕಲಾಗಿ ಮೌನವೇ ಅಪರಾಧದ ಸಾಕ್ಷಿಯಾಯಿತು. ರಾಜಾಜ್ಞೆಯಂತೆ ಅವನನ್ನು ಶೂಲಕ್ಕೇರಿಸಿದರು. ತಪೋಬಲದಿಂದ ಪ್ರಾಣವು ಹೋಗಲಿಲ್ಲ. ಸತ್ಯವನ್ನರಿತ ಅರಸನು ಓಡಿಬಂದು ಕ್ಷಮೆ ಬೇಡಿ, ಮುನಿಯನ್ನು ಕೆಳಗಿಳಿಸಿ, ಶೂಲವನ್ನು ಎಳೆಯಲು ಯತ್ನಿಸಿದನು. ಅದು ಬರಲಿಲ್ಲ. ಕೊನೆಗೆ ಹೊರಗೆ ಕಾಣುತ್ತಿದ್ದ ಭಾಗವನ್ನು ಬುಡದಲ್ಲಿ ಕತ್ತರಿಸಿಬಿಟ್ಟರು. ಒಳಗಿನ ಮೊನೆಯು ಒಳಗೇ ಉಳಿಯಿತು. ಅಣಿ ಎಂದರೆ ಶೂಲದ ಮೊನೆ. ಅದನ್ನು ಮೈಯೊಳಗೆ ಹೊತ್ತುಕೊಂಡೇ ಮುನಿಯು ಸಂಚರಿಸಿದನು, ತಪಸ್ಸನ್ನು ಮುಂದುವರಿಸಿದನು. ಆದುದರಿಂದ ಲೋಕವು ಅವನನ್ನು ಅಣಿಮಾಂಡವ್ಯನೆಂದು ಕರೆಯಿತು.

ಶಸ್ತ್ರಚಿಕಿತ್ಸೆಯ ಬಳಿಕ ಉಳಿಯುವ ನರವೇದನೆಗೆ ಇದಕ್ಕಿಂತ ಸರಿಯಾದ ಉಪಮೆಯನ್ನು ಕಂಡುಹಿಡಿಯುವುದು ಕಷ್ಟ. ಹೊರಗಿನ ಶೂಲವನ್ನು ಕತ್ತರಿಸಿದ್ದಾಗಿದೆ. ನೋಡುವವರ ಪಾಲಿಗೆ ಕಥೆ ಮುಗಿದಿದೆ. ಒಳಗಿನ ಅಣಿಯನ್ನು ಬಲ್ಲವನು ಹೊತ್ತವನೊಬ್ಬನೇ.

ಮೊದಲನೆಯ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಆಡುಮಾತಿನಲ್ಲಿ ರಕ್ತನಾಳವನ್ನೂ ನರವೆನ್ನುವ ರೂಢಿಯಿದೆ. ಇಲ್ಲಿ ಹೇಳುತ್ತಿರುವುದು ಸ್ಪರ್ಶ, ಶೀತೋಷ್ಣ, ವೇದನೆಗಳ ವಾರ್ತೆಯನ್ನು ಮೆದುಳಿಗೆ ಮುಟ್ಟಿಸುವ ಜ್ಞಾನತಂತುವಿನ ವಿಷಯ. ಸಾಮಾನ್ಯವಾದ ನೋವು ಭಕ್ತನು ಬಾಗಿಲಲ್ಲಿ ನಿಂತು ಬಾರಿಸುವ ಘಂಟೆಯಂತೆ: ಮುಳ್ಳು ಚುಚ್ಚಿತು, ಘಂಟೆ ಬಾರಿಸಿತು, ಮುಳ್ಳನ್ನು ತೆಗೆದರೆ ನಿಂತಿತು. ಆದರೆ ಕಲ್ಲಿನ ಪೆಟ್ಟಿನಿಂದಲೋ, ಶಸ್ತ್ರದ ಕೊಯ್ತದಿಂದಲೋ, ಮಾಯುವಾಗ ಬೆಳೆದ ಗಟ್ಟಿ ಮಾಂಸದ ಒತ್ತಡದಿಂದಲೋ ತಂತುವಿಗೇ ಘಾಸಿಯಾದರೆ, ಘಂಟೆಯ ಹಗ್ಗವು ತೊಡಕಿಕೊಂಡು ಗಾಳಿಗೆ ತಾನಾಗಿ ಬಾರಿಸತೊಡಗಿದಂತಾಗುತ್ತದೆ. ಬಾಗಿಲಲ್ಲಿ ಯಾರೂ ಇಲ್ಲ; ಆದರೆ ನಾದವು ಸುಳ್ಳಲ್ಲ. ಬಹುಕಾಲ ಹೀಗೆ ಬಾರಿಸಿದರೆ ಆಲಿಸುವ ಬೆನ್ನುಹುರಿಯೂ ಮೆದುಳೂ ಅತಿಸೂಕ್ಷ್ಮವಾಗಿ, ಹತ್ತಿಯ ಸೋಕನ್ನೂ ಕೆಂಡದ ಸೋಕೆಂದೇ ಗ್ರಹಿಸುತ್ತವೆ. ಎಲುಬನ್ನು ತೋರಿಸುವ ಎಕ್ಸ್‌ರೇ ಚಿತ್ರದಲ್ಲಿ ಜ್ಞಾನತಂತುವು ಕಾಣುವುದಿಲ್ಲ. ಅಲ್ಲಿ ಏನೂ ಕಾಣದಿದ್ದುದು ನೋವಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು.

ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ ಸೈಲಸ್ ವೀರ್ ಮಿಚೆಲ್ ಎಂಬ ವೈದ್ಯನು ಗುಂಡೇಟಿನಿಂದ ನರಗಳಿಗೆ ಘಾಸಿಯಾದ ಸೈನಿಕರನ್ನು ಫಿಲಡೆಲ್ಫಿಯಾ ನಗರದಲ್ಲಿ ಪರೀಕ್ಷಿಸಿ, 1864ರಲ್ಲಿ ತನ್ನ ಸಹೋದ್ಯೋಗಿಗಳೊಡನೆ ಒಂದು ಗ್ರಂಥವನ್ನು ಪ್ರಕಟಿಸಿದನು. ಗಾಯ ಮಾಸಿದ ಬಳಿಕವೂ ಆ ಸೈನಿಕರು ಉರಿಯಿಂದ ಪರಿತಪಿಸುತ್ತಿದ್ದರು. ಕೈಯಲ್ಲಿ ಉರಿಯಿದ್ದವರು ಅದಕ್ಕೆ ಸದಾ ಒದ್ದೆ ಬಟ್ಟೆಯನ್ನು ಸುತ್ತಿಕೊಳ್ಳುತ್ತಿದ್ದರು. ಕೆಲವರು ತಮ್ಮ ಬೂಟಿನೊಳಗೆ ನೀರು ಸುರಿದುಕೊಂಡು ನಡೆಯುತ್ತಿದ್ದರು. ಕತ್ತರಿಸಿ ತೆಗೆದ ಕೈಕಾಲುಗಳು ಇನ್ನೂ ಇರುವಂತೆ ಅನುಭವಕ್ಕೆ ಬರುವುದನ್ನು ವಿವರಿಸಿ ಅದಕ್ಕೆ ಹೆಸರಿಟ್ಟವನೂ ಇವನೇ. ಇಲ್ಲದ ಪಾದವೂ ನೋಯಬಲ್ಲುದೆಂದ ಮೇಲೆ, ಗಾಯ ಮಾಸಿದ ಪಾದವು ನೋಯಲಾರದೆನ್ನುವುದು ಹೇಗೆ? ಯುದ್ಧಕ್ಕೆ ಹೆದರಿ ನಟಿಸುವ ಸೈನಿಕರೂ ಇದ್ದ ಆ ಕಾಲದಲ್ಲಿ, ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕದೆ ಕೇಳಿ ಬರೆದಿಟ್ಟುದೇ ಆ ವೈದ್ಯನ ಹಿರಿಮೆ.

ಇಂದು ಈ ತಿಳಿವಳಿಕೆಯು ವೈದ್ಯಲೋಕದಲ್ಲಿ ಸರ್ವಸಮ್ಮತವಾಗಿದೆ. ಶಸ್ತ್ರಚಿಕಿತ್ಸೆಯ ಬಳಿಕ ಮೂರು ತಿಂಗಳನ್ನು ಮೀರಿ ಉಳಿಯುವ ನೋವಿಗೆ, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಪ್ರತ್ಯೇಕವಾದ ಸ್ಥಾನವಿದೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯಾನವನ್ನು ಪರಿಷ್ಕರಿಸಿದಾಗ, ಒಬ್ಬನು ತನಗೆ ನೋವಿದೆಯೆಂದು ಹೇಳಿದರೆ ಆ ಹೇಳಿಕೆಯನ್ನು ಗೌರವಿಸಬೇಕೆಂಬ ಅಭಿಪ್ರಾಯವನ್ನು ಸೇರಿಸಿತು. ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ, ಬೇರೆಯವರ ನೋವಿನ ವಿಷಯದಲ್ಲಿ ಪ್ರತ್ಯಕ್ಷ ಪ್ರಮಾಣಕ್ಕೆ ಅವಕಾಶವಿಲ್ಲ. ಅನುಮಾನ ಪ್ರಮಾಣವು ಅಪೂರ್ಣ. ಉಳಿದಿರುವುದು ನೊಂದವನ ಶಬ್ದವೊಂದೇ. ಆ ಶಬ್ದವನ್ನು ಪ್ರಮಾಣವೆಂದು ಸ್ವೀಕರಿಸುವುದೇ ಇಲ್ಲಿ ಧರ್ಮ.

ಎರಡನೆಯ ಪ್ರಶ್ನೆಯು ಹೆಚ್ಚು ಸೂಕ್ಷ್ಮವಾದುದು. ಕರ್ಮಸಿದ್ಧಾಂತವನ್ನು ನಂಬುವ ಸಮಾಜದಲ್ಲಿ ಕಷ್ಟವನ್ನು ಕಂಡೊಡನೆ ಅದರ ಹಿಂದಿನ ಪಾಪವನ್ನು ಹುಡುಕುವುದು ಸಹಜ. ಮಾಂಡವ್ಯನನ್ನು ಕಾಣಲು ರಾತ್ರಿಯಲ್ಲಿ ಪಕ್ಷಿರೂಪದಿಂದ ಬಂದು ಮರುಗಿದ ಮುನಿಗಳು ಸಹ, ನೀನು ಯಾವ ಪಾಪ ಮಾಡಿದ್ದೆಯೆಂದೇ ಕೇಳಿದರು. ಮಾಂಡವ್ಯನು ಅವರಿಗೆ ಯಾವ ಪಟ್ಟಿಯನ್ನೂ ಒಪ್ಪಿಸಲಿಲ್ಲ. ಯಾರನ್ನು ದೂರಲಿ ಎಂಬಷ್ಟಕ್ಕೆ ಮಾತನ್ನು ನಿಲ್ಲಿಸಿದನು. ಆದರೆ ಪ್ರಶ್ನೆಯನ್ನು ಅವನು ಮರೆತಿರಲಿಲ್ಲ. ಮುಂದೆ ಅದನ್ನು ಉತ್ತರಿಸಬಲ್ಲ ಒಂದೇ ಪೀಠಕ್ಕೆ, ಸಾಕ್ಷಾತ್ ಧರ್ಮರಾಜನ ಸನ್ನಿಧಿಗೆ, ಒಯ್ದನು.

ಧರ್ಮನು ಲೆಕ್ಕವನ್ನು ತೆರೆದು ತೋರಿಸಿದನು: ಮಾಂಡವ್ಯನು ಹಿಂದೆ ಚಿಟ್ಟೆಯಂಥ ಸಣ್ಣ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿಯನ್ನು ಚುಚ್ಚಿದ್ದನಂತೆ, ಆ ಕರ್ಮದ ಫಲವೇ ಶೂಲವಂತೆ. ಮಾಂಡವ್ಯನು ತಲೆ ತಗ್ಗಿಸಿ ಒಪ್ಪಿಕೊಳ್ಳಲಿಲ್ಲ. ಅಲ್ಪ ಅಪರಾಧಕ್ಕೆ ಇಷ್ಟು ದೊಡ್ಡ ದಂಡನೆಯೇ ಎಂದು ಧರ್ಮನನ್ನೇ ಆಕ್ಷೇಪಿಸಿ, ಮನುಷ್ಯನಾಗಿ ಹುಟ್ಟುವಂತೆ ಅವನಿಗೆ ಶಾಪವಿತ್ತನು. ಹದಿನಾಲ್ಕನೆಯ ವಯಸ್ಸಿನ ತನಕ ಮಾಡಿದುದು ಪಾತಕವಾಗದೆಂಬ ಮರ್ಯಾದೆಯನ್ನೂ ಅಂದೇ ವಿಧಿಸಿದನು. ಧರ್ಮನೇ ವಿದುರನಾಗಿ ಜನಿಸಿದುದು ಹೀಗೆ. ಅನ್ಯಾಯವನ್ನು ಕಂಡು ಸಹಿಸದೆ ಸಭೆಯಲ್ಲಿ ಎದ್ದುನಿಂತು ಮಾತನಾಡುವ ವಿದುರನು ನೊಂದವನೊಬ್ಬನ ಪ್ರಶ್ನೆಯಿಂದ ಹುಟ್ಟಿದವನೆಂಬುದು ಗಮನಾರ್ಹ.

ಈ ಕಥೆಯು ಕರ್ಮಸಿದ್ಧಾಂತವನ್ನು ಅಲ್ಲಗಳೆಯುವುದಿಲ್ಲ. ಕರ್ಮದ ಲೆಕ್ಕವು ಎಷ್ಟು ಗಹನವಾದುದೆಂಬುದನ್ನು ಅದು ತೋರಿಸುತ್ತದೆ. ಧರ್ಮರಾಜನು ಸ್ವತಃ ಬರೆದ ಲೆಕ್ಕದಲ್ಲಿಯೇ ಕೂಡುವುದರಲ್ಲಿ ತಪ್ಪು ಕಂಡುಬಂದ ಮೇಲೆ, ಪುಸ್ತಕದ ಒಂದು ಹಾಳೆಯನ್ನೂ ನೋಡದ ನೆರೆಮನೆಯವನು ಮೊತ್ತವನ್ನು ಹೇಳಹೊರಡುವುದು ಎಂತಹ ಸಾಹಸ! ಕರ್ಮವಿಚಾರವು ಮನುಷ್ಯನಿಗೆ ದತ್ತವಾದುದು ತನ್ನ ನಡತೆಯನ್ನು ತಾನು ತಿದ್ದಿಕೊಳ್ಳುವುದಕ್ಕಾಗಿ. ಪರರ ಹಾಸಿಗೆಯ ಬಳಿ ನಿಂತು ತೀರ್ಪು ಕೊಡುವುದಕ್ಕೆ ಅದನ್ನು ಬಳಸಿದರೆ, ತೀರ್ಪು ಕೊಟ್ಟವನ ಖಾತೆಗೇ ಹೊಸ ಕರ್ಮವೊಂದು ಸೇರಿತೆಂದು ತಿಳಿಯಬೇಕು.

ನೋವೆಂಬುದು ದಂಡನೆಯೇ ಆಗಿದ್ದರೆ ನೋವಿಲ್ಲದಿರುವುದು ಭಾಗ್ಯವಾಗಬೇಕಾಗಿತ್ತು. ವಾಸ್ತವವು ಬೇರೆ. 1946ರಲ್ಲಿ ವೆಲ್ಲೂರಿನ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಬೆರಳುಗಳು ಕೊಳೆತು ಬೀಳುತ್ತವೆಂದು ಜನರು ನಂಬಿದ್ದ ರೋಗದಲ್ಲಿ ನಿಜವಾಗಿ ನಡೆಯುತ್ತಿದ್ದುದು, ಜ್ಞಾನತಂತುಗಳು ನಷ್ಟವಾಗಿ ನೋವು ತಿಳಿಯದೆ, ಸುಟ್ಟುದನ್ನೂ ಮುಳ್ಳು ನೆಟ್ಟುದನ್ನೂ ಅರಿಯದೆ ಅದೇ ಕಾಲಿನ ಮೇಲೆ ನಡೆದುನಡೆದು ಅಂಗವು ನಾಶವಾಗುವುದೆಂದು ಅವರು ಕಂಡುಕೊಂಡರು. ನೋವು ಮೂಲತಃ ಶರೀರಕ್ಕೆ ಕಾವಲುಗಾರ. ನರವೇದನೆಯಲ್ಲಿ ಆ ಕಾವಲುಗಾರನಿಗೆ ಏಟು ಬಿದ್ದು ಅವನು ಅಕಾಲದಲ್ಲಿ ಕೂಗುತ್ತಿದ್ದಾನೆ. ಅವನು ಶತ್ರುವೂ ಅಲ್ಲ, ದೇವರು ಕಳುಹಿಸಿದ ಜವಾನನೂ ಅಲ್ಲ.

ಇನ್ನು ಮೂರನೆಯ ಪ್ರಶ್ನೆ. ತಿತಿಕ್ಷೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಶಂಕರ ಭಗವತ್ಪಾದರ ಹೆಸರಿನಲ್ಲಿ ಪ್ರಸಿದ್ಧವಾದ ವಿವೇಕಚೂಡಾಮಣಿಯಲ್ಲಿ ಪ್ರತೀಕಾರವನ್ನು ಹುಡುಕದೆ, ಚಿಂತೆ ವಿಲಾಪಗಳಿಲ್ಲದೆ ದುಃಖವನ್ನು ಸಹಿಸುವುದನ್ನೇ ತಿತಿಕ್ಷೆಯೆಂದು ವಿವರಿಸಲಾಗಿದೆ. ಹಾಗಾದರೆ ಔಷಧ ಸೇವನೆಯೇ ತಪ್ಪೇ ಎಂಬ ಶಂಕೆ ಬರುವುದು. ಆ ಲಕ್ಷಣವನ್ನು ಹೇಳಿದುದು ಸರ್ವವನ್ನೂ ತ್ಯಜಿಸಹೊರಟ ಮುಮುಕ್ಷುವಿಗೆ. ಗೃಹಸ್ಥನಿಗೆ ಗೀತೆಯ ಎರಡನೆಯ ಅಧ್ಯಾಯವೇ ದಾರಿ. ಅಲ್ಲಿ ಶ್ರೀಕೃಷ್ಣನು ಶೀತೋಷ್ಣ ಸುಖದುಃಖಗಳು ಬಂದುಹೋಗುವಂಥವು, ಅವನ್ನು ಸಹಿಸು ಎಂದು ಅರ್ಜುನನಿಗೆ ಹೇಳಿದುದು ಸುಮ್ಮನೆ ಕುಳಿತುಕೊಳ್ಳಲಿಯೆಂದಲ್ಲ. ಎದ್ದು ಕರ್ತವ್ಯವನ್ನು ಮಾಡಲಿಯೆಂದು. ಆದುದರಿಂದ ಕರ್ತವ್ಯವನ್ನು ನಡೆಸಲು ಸಹಾಯಕವಾದ ಸಹನೆಯೇ ಗೃಹಸ್ಥನ ತಿತಿಕ್ಷೆ. ಔಷಧವು ಕರ್ತವ್ಯಕ್ಕೆ ನೆರವಾಗುವುದಾದರೆ ಅದು ತಿತಿಕ್ಷೆಯ ಮಿತ್ರನೇ ಹೊರತು ವೈರಿಯಲ್ಲ.

ನೋವನ್ನು ಮುಚ್ಚಿಡುವುದು ಸಹನೆಯಿಂದ ಭಿನ್ನವಾದುದು. ಕರ್ಣನ ತೊಡೆಯನ್ನು ಕೀಟವು ಕೊರೆಯುತ್ತಿದ್ದಾಗ, ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಗುರು ಪರಶುರಾಮನಿಗೆ ನಿದ್ರಾಭಂಗವಾಗದಿರಲೆಂದು ಅವನು ಅಲುಗಾಡಲಿಲ್ಲ. ಅದು ಗುರುಭಕ್ತಿಯ ಪರಾಕಾಷ್ಠೆ. ಆದರೆ ಅದು ಗುರುವಿನ ಒಂದು ನಿದ್ರೆಯಷ್ಟು ಕಾಲದ ಮಾತು. ಒಂದು ಮುಹೂರ್ತದ ನೋವನ್ನು ಅಡಗಿಸಬಹುದು; ವರ್ಷಗಟ್ಟಲೆಯ ನೋವನ್ನು ಅಡಗಿಸಹೊರಟವನು ಕ್ರಮೇಣ ತನ್ನನ್ನೇ ಅಡಗಿಸಿಕೊಳ್ಳುತ್ತಾನೆ. ಆ ಕೃಷಿಕರಿಗೆ ಆದುದೂ ಅದೇ. ಮೊದಲು ನೋವಿನ ಮಾತು ನಿಂತಿತು, ಆಮೇಲೆ ಪ್ರದಕ್ಷಿಣೆ ನಿಂತಿತು, ಕೊನೆಗೆ ಮನುಷ್ಯರ ಮುಖ ನೋಡುವುದೇ ನಿಂತಿತು.

ಇದಕ್ಕೆ ಪ್ರತಿಯಾಗಿ ಮೇಲ್ಪತ್ತೂರು ನಾರಾಯಣ ಭಟ್ಟತಿರಿಯವರನ್ನು ಸ್ಮರಿಸಬೇಕು. ಕೇರಳೀಯರಿಗೆಲ್ಲ ಅವರ ಹೆಸರು ಪರಿಚಿತ. 16ನೆಯ ಶತಮಾನದ ಈ ವಿದ್ವಾಂಸರು, ತಮ್ಮ ಗುರುಗಳಾದ ಅಚ್ಯುತ ಪಿಷಾರಡಿಯವರ ವಾತರೋಗವನ್ನು ತಾವೇ ಸ್ವೀಕರಿಸಿದರೆಂದು ಐತಿಹ್ಯವಿದೆ. ಅವರು ಗುರುವಾಯೂರು ದೇವಾಲಯದಲ್ಲಿ ಕುಳಿತು, ನೂರು ದಶಕಗಳ, ಸಾವಿರಕ್ಕೂ ಮಿಕ್ಕ ಶ್ಲೋಕಗಳ ನಾರಾಯಣೀಯವನ್ನು ರಚಿಸಿದರು. ದಶಕ ದಶಕದ ಕೊನೆಯಲ್ಲಿಯೂ ರೋಗವನ್ನು ನೀಗುವಂತೆ ಬೇಡಿಕೊಳ್ಳುವುದು ಆ ಕೃತಿಯ ಕ್ರಮ. ಭಕ್ತನಾದವನು ತನ್ನ ನೋವನ್ನು ದೇವರೆದುರು ಒಂದು ಬಾರಿ ಹೇಳಿದರೆ ಸಾಕಾಗುತ್ತಿರಲಿಲ್ಲವೇ? ಅವರು ಮತ್ತೆ ಮತ್ತೆ ಹೇಳಿದರು. ಹೇಳಿಕೊಂಡುದರಿಂದ ಅವರ ಭಕ್ತಿಗೆ ಊನವಾಗಲಿಲ್ಲ. ನೋವಿದ್ದುದರಿಂದ ಅವರ ಕಾರ್ಯವೂ ನಿಲ್ಲಲಿಲ್ಲ. ನೋವನ್ನು ಹೇಳಿಕೊಳ್ಳುವುದೂ ದಿನದ ಒಂದು ದಶಕವನ್ನು ಪೂರೈಸುವುದೂ ಜೊತೆಜೊತೆಯಾಗಿ ನಡೆದುವು. ಇದೇ ತಿತಿಕ್ಷೆಯ ಸರಿಯಾದ ಮಾದರಿ.

ಸಹಿಸುವ ವಿಧಾನಕ್ಕೂ ಒಂದು ಕ್ರಮವುಂಟು. ನರವೇದನೆಗೆ ಸಾಮಾನ್ಯ ನೋವಿನ ಗುಳಿಗೆಗಳು ಅಷ್ಟಾಗಿ ನಾಟುವುದಿಲ್ಲ. ಮನಸ್ಸಿನ ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್, ಅಪಸ್ಮಾರಕ್ಕೆಂದು ಬಂದ ಗಾಬಾಪೆಂಟಿನ್ ಮುಂತಾದುವನ್ನು ವೈದ್ಯರು ಕೊಡುವುದುಂಟು. ಮದ್ದಿನಂಗಡಿಯಲ್ಲಿ ಇದು ಮನೋರೋಗದ ಮದ್ದೆಂದು ಯಾರೋ ಹೇಳಿದರೆಂದು ಅವಮಾನಪಟ್ಟು ಗುಳಿಗೆಯನ್ನು ಎಸೆದವರಿದ್ದಾರೆ. ಅದೇ ಮದ್ದು ಸಣ್ಣ ಪ್ರಮಾಣದಲ್ಲಿ ಉದ್ರಿಕ್ತವಾದ ನರವನ್ನು ಶಾಂತಗೊಳಿಸುತ್ತದೆ. ಗುಣ ತೋರಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಲೂ ಬಾರದು. ಕಡಿದ ತಂತು ಚಿಗುರುವುದಾದರೂ ದಿನಕ್ಕೆ ಹೆಚ್ಚುಕಡಮೆ ಒಂದು ಮಿಲಿಮೀಟರಿನಷ್ಟು, ಎಂದರೆ ತಿಂಗಳಿಗೆ ಒಂದಂಗುಲದಷ್ಟು ಮಾತ್ರ. ಹರಡಿನಿಂದ ಬೆರಳ ತುದಿಗೆ ಮುಟ್ಟಲು ತಿಂಗಳುಗಳೇ ಬೇಕೆಂಬುದನ್ನು ತಿಳಿದವನಿಗೆ ಕಾಯುವ ಧೈರ್ಯ ಬರುತ್ತದೆ. ಕೆಲವರಿಗೆ ನೋವು ಪೂರ್ಣವಾಗಿ ಹೋಗುವುದಿಲ್ಲವೆಂಬುದೂ ಸತ್ಯವೇ. ಅದನ್ನು ಮರೆಮಾಚಿ ಧೈರ್ಯ ಹೇಳುವುದು ಧರ್ಮವಲ್ಲ.

ಸೋಕಿದರೆ ಉರಿಯುವ ಚರ್ಮವನ್ನು ಮುಟ್ಟದೆ ಬಿಟ್ಟರೆ ಉರಿ ಹೆಚ್ಚುತ್ತದೆ. ಮೊದಲು ಹತ್ತಿಯಿಂದ, ಕೆಲವು ದಿನಗಳ ಬಳಿಕ ಮೆತ್ತನೆಯ ಬಟ್ಟೆಯಿಂದ, ಆಮೇಲೆ ಒರಟು ಬೈರಾಸಿನಿಂದ, ದಿನಕ್ಕೆ ಮೂರು ನಾಲ್ಕು ಬಾರಿ ಕೆಲವೇ ನಿಮಿಷ ಸವರಿ ಸ್ಪರ್ಶವನ್ನು ಮತ್ತೆ ಪರಿಚಯ ಮಾಡಿಸುವ ಅಭ್ಯಾಸವೊಂದಿದೆ. ಜೋಮು ಹಿಡಿದ ಭಾಗಕ್ಕೆ ಬಿಸಿನೀರಿನ 'ಶಾಖ' ಕೊಡುವುದು ಅಪಾಯ, ಸುಟ್ಟುದು ತಿಳಿಯುವುದಿಲ್ಲ. ಮಧ್ಯಾಹ್ನದ ಕಾದ ಕಲ್ಲನ್ನು ಬರಿಗಾಲಿನಿಂದ ಮೆಟ್ಟುವುದೂ ಹಾಗೆಯೇ. ಒಳ್ಳೆಯ ದಿನದಲ್ಲಿ ಉತ್ಸಾಹದಿಂದ ಹೆಚ್ಚು ನಡೆದು ಮರುದಿನ ಹಾಸಿಗೆ ಹಿಡಿಯುವುದಕ್ಕಿಂತ, ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಅಳತೆಯಲ್ಲಿ ನಡೆದು, ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸುವುದು ಮೇಲು. ವ್ರತವನ್ನು ಹಿಡಿದವರಿಗೆ ನಿಯಮದ ಬೆಲೆ ತಿಳಿದಿದೆ. ಇದೂ ಒಂದು ವ್ರತವೇ. ರಾತ್ರಿಯ ಉರಿಯಲ್ಲಿ ಉಸಿರನ್ನು ನಿಧಾನಗೊಳಿಸಿ ನಾಮಜಪ ಮಾಡುವುದರಿಂದ ನರವು ಕೂಡಿಕೊಳ್ಳುವುದಿಲ್ಲ. ಆದರೆ ನೋವಿನ ಬೆನ್ನ ಹಿಂದೆಯೇ ಬರುವ ಭಯವು ಬಾಗಿಲ ಹೊರಗೆ ನಿಲ್ಲುತ್ತದೆ. ಬಾಣ ತಾಗಿದವನು ಆ ಬಾಣವನ್ನು ಕುರಿತ ಗೋಳಾಟದಿಂದ ಎರಡನೆಯ ಬಾಣವನ್ನು ತಾನೇ ನೆಟ್ಟುಕೊಳ್ಳುತ್ತಾನೆಂದು ಬುದ್ಧನು ಬೋಧಿಸಿದುದು ಪ್ರಸಿದ್ಧವಾಗಿದೆ. ಮೊದಲನೆಯ ಬಾಣಕ್ಕೆ ವೈದ್ಯನು ಬೇಕು. ಎರಡನೆಯದನ್ನು ಕೀಳಲು ತಾನೂ ತನ್ನವರೂ ಬೇಕು.

'ತನ್ನವರು' ಎಂಬಲ್ಲಿಯೇ ಊರಿನ ಕರ್ತವ್ಯವು ಆರಂಭವಾಗುತ್ತದೆ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವೈದ್ಯರೂ ಸ್ವಯಂಸೇವಕರೂ ಸೇರಿ, ಗುಣವಾಗದ ರೋಗಿಗಳ ನೋವನ್ನಾದರೂ ತಗ್ಗಿಸಬೇಕೆಂದು ಪಾಲಿಯೇಟಿವ್ ಶುಶ್ರೂಷೆಯ ಒಂದು ಸಂಘವನ್ನು ಕಟ್ಟಿದರು. ಅದು ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಸರಕಾರವು ಅದನ್ನೊಂದು ನೀತಿಯಾಗಿ ಸ್ವೀಕರಿಸಿತು. ಪಂಚಾಯತುಗಳ ಆಶ್ರಯದಲ್ಲಿ ದಾದಿಯರು ಮನೆಮನೆಗೆ ಹೋಗುವ ಪದ್ಧತಿ ಬಂದಿತು. ಅದರ ಬೆನ್ನೆಲುಬು ಕೇವಲ ಔಷಧವಲ್ಲ. ವಾರದಲ್ಲಿ ಕೆಲವು ಗಂಟೆಗಳನ್ನು ಪಕ್ಕದ ಮನೆಯ ರೋಗಿಗಾಗಿ ಮೀಸಲಿಡುವ ಸಾಮಾನ್ಯ ಗ್ರಾಮಸ್ಥರು. ದೇವಾಲಯದ ಕಲ್ಲು ಹೊರಲು ಆದಿತ್ಯವಾರವನ್ನು ಕೊಡಬಲ್ಲ ಊರು, ಕಲ್ಲು ಬಿದ್ದವನ ಬಳಿ ಕುಳಿತುಕೊಳ್ಳಲು ಒಂದು ಸಂಜೆಯನ್ನು ಕೊಡಲಾರದೇ?

ಆ ಗ್ರಾಮದಲ್ಲಿ ಕೊನೆಗೆ ನಡೆದುದು ಅಷ್ಟೇ ಸರಳವಾದುದು. ದೇವಾಲಯದಲ್ಲಿ ಚೆಂಡೆ ಬಾರಿಸುವ ವೃದ್ಧರೊಬ್ಬರು ಒಂದು ಸಂಜೆ ಆ ಕೃಷಿಕರ ಚಾವಡಿಗೆ ಬಂದು ಕುಳಿತರು. ಗಾಯದ ವಿಷಯ ಕೇಳಲಿಲ್ಲ, ದೋಷದ ವಿಷಯ ಎತ್ತಲಿಲ್ಲ. “ರಾತ್ರಿ ಎಷ್ಟು ಗಂಟೆಗೆ ಜಾಸ್ತಿಯಾಗುತ್ತದೆ ಭಾವ?” ಎಂದಷ್ಟೇ ಕೇಳಿದರು. ಅದು ನೋವಿದೆಯೇ ಎಂಬ ಪ್ರಶ್ನೆಯಾಗಿರಲಿಲ್ಲ. ಇದೆಯೆಂದು ಒಪ್ಪಿಕೊಂಡವನ ಪ್ರಶ್ನೆಯಾಗಿದ್ದಿತು. ತಿಂಗಳುಗಳಿಂದ “ಅಡ್ಡಿಯಿಲ್ಲ” ಎನ್ನುತ್ತಿದ್ದ ಕೃಷಿಕರು ಅಂದು ಒಂದು ಗಂಟೆಯ ಕಾಲ ಮಾತನಾಡಿದರು. ಮರುವಾರ ಆ ವೃದ್ಧರೇ ಜೊತೆಗೆ ಹೋಗಿ ನರಗಳ ವೈದ್ಯರೊಬ್ಬರಿಗೆ ತೋರಿಸಿಕೊಂಡು ಬಂದರು. ಕಾಲಿಗೆ ಒಗೆದ ಹತ್ತಿ ಬಟ್ಟೆಯನ್ನು ಸುತ್ತಿಕೊಂಡು ಒಳಬರಲು ದೇವಾಲಯದ ಹಿರಿಯರು ಸಮ್ಮತಿಸಿದರು. ಕಲ್ಲು ತಣ್ಣಗಿರುವ ಮುಂಜಾನೆ ಒಂದೇ ಸುತ್ತು ಪ್ರದಕ್ಷಿಣೆ; ಅನಂತರ ಸುತ್ತುಪೌಳಿಯಲ್ಲಿ ಒಂದು ಸ್ಟೂಲಿನ ಮೇಲೆ ಕಾಲು ನೀಡಿ ಕುಳಿತು ತುಳಸಿಯ ಮಾಲೆ ಕಟ್ಟುವುದು. ನೋವು ಅರ್ಧದಷ್ಟು ತಗ್ಗಿತು, ಉಳಿದರ್ಧವು ಉಳಿಯಿತು. ಅಣಿಯು ಒಳಗೇ ಇದೆ. ಆದರೆ ಅದನ್ನು ಹೊತ್ತವರು ಮತ್ತೆ ಊರಿನ ನಡುವೆ ಇದ್ದಾರೆ.

ಜೀರ್ಣೋದ್ಧಾರವನ್ನು ಕಂಡವರಿಗೆಲ್ಲ ಬಾಲಾಲಯದ ಪರಿಚಯವಿದೆ. ಗರ್ಭಗುಡಿಯನ್ನು ಬಿಚ್ಚಿ ಕಟ್ಟುವ ತನಕ ದೇವರ ಸಾನ್ನಿಧ್ಯವನ್ನು ಒಂದು ಸಣ್ಣ ಗುಡಿಯಲ್ಲಿ ಇರಿಸುತ್ತಾರೆ. ಅಲ್ಲಿ ಉತ್ಸವವಿಲ್ಲ, ಬಲಿಯಿಲ್ಲ, ವೈಭವವಿಲ್ಲ, ಪೂಜೆಯು ಸಂಕೋಚಗೊಂಡಿದೆ. ಆದರೆ ಒಂದು ದಿನವೂ ನಿಂತಿಲ್ಲ. ಬಾಲಾಲಯದಲ್ಲಿ ದೇವರು ಕಡಿಮೆಯಾದನೆಂದು ಯಾವ ಭಕ್ತನೂ ಎಣಿಸುವುದಿಲ್ಲ. ಅಲ್ಲಿಗೂ ಹೂವು ಒಯ್ಯುತ್ತಾನೆ, ಅಲ್ಲಿಯೂ ಕೈಮುಗಿಯುತ್ತಾನೆ. ನೋವಿನಿಂದ ಬದುಕು ಸಂಕೋಚಗೊಂಡ ಮನುಷ್ಯನೂ ಬಾಲಾಲಯದಲ್ಲಿರುವವನೇ. ಕೆಲವರಿಗೆ ಪುನಃಪ್ರತಿಷ್ಠೆಯ ದಿನ ಬೇಗ ಬರುತ್ತದೆ, ಕೆಲವರಿಗೆ ತಡವಾಗುತ್ತದೆ, ಕೆಲವರು ಆಯುಷ್ಯವನ್ನೆಲ್ಲ ಆ ಸಣ್ಣ ಗುಡಿಯಲ್ಲಿಯೇ ಕಳೆಯಬೇಕಾಗುತ್ತದೆ. ಸಣ್ಣ ಪೂಜೆಯನ್ನು ನಿಲ್ಲಿಸದಿರುವುದು ಅವನ ಧರ್ಮ. ಆ ಸಣ್ಣ ಗುಡಿಯ ದಾರಿಯನ್ನು ಮರೆಯದಿರುವುದು ಉಳಿದವರ ಧರ್ಮ.

ಬ್ರಹ್ಮಕಲಶದ ಈ ಶುಭಸಂದರ್ಭದಲ್ಲಿ ನಡೆಯಬಲ್ಲವರು ಮೂರು ಸುತ್ತು ಪ್ರದಕ್ಷಿಣೆ ಬಂದ ಬಳಿಕ, ನಡೆಯಲಾರದವರ ಮನೆಯ ಚಾವಡಿಗೆ ನಾಲ್ಕನೆಯ ಸುತ್ತನ್ನು ಬರಲಿ. ಆ ಪ್ರದಕ್ಷಿಣೆಯನ್ನೂ ಶ್ರೀದೇವರು ಅಂಗೀಕರಿಸಿ ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.